ಗೈಡ್ ಆಯ್ಕೆಗೆ ಸೈಟೇಶನ್ ಲೆಕ್ಕವನ್ನು ಎಷ್ಟು ನೆಚ್ಚಬಹುದು?

ಪ್ರಶ್ನೆ: ನಾವು ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರರು. ಮಗಳು ಎಂ.ಎಸ್ಸಿ. ಮುಗಿಸಿದ್ದು, ನರವಿಜ್ಞಾನದಲ್ಲಿ ಪಿಎಚ್.ಡಿ. ಮಾಡಬೇಕೆಂದಿದ್ದಾಳೆ. ಇಬ್ಬರು ಪ್ರಾಧ್ಯಾಪಕರು ಅವಳಿಗೆ ಗೈಡ್ ಆಗಲು ಒಪ್ಪಿದ್ದಾರೆ. ಗೂಗಲ್ ಸ್ಕಾಲರ್‌ನಲ್ಲಿ ಮೊದಲನೆಯವರ ಹೆಸರಿನಲ್ಲಿ 140 ಪ್ರಬಂಧ, 6,800 ಸೈಟೇಶನ್, ಎಚ್-ಇಂಡೆಕ್ಸ್ 29 ಎಂದಿದೆ. ಎರಡನೆಯವರದು 38 ಪ್ರಬಂಧ, 1,150 ಸೈಟೇಶನ್, ಎಚ್-ಇಂಡೆಕ್ಸ್ 16. ಬೆಂಗಳೂರಿನಲ್ಲಿರುವ ನನ್ನ ಭಾವ, ದೊಡ್ಡ ಲೆಕ್ಕದವರ ಹತ್ತಿರವೇ ಹೋಗಲಿ ಎನ್ನುತ್ತಾರೆ. ಮಗಳ ಮನಸ್ಸು ಎರಡನೆಯವರ ಕಡೆಗಿದೆ. ಇಬ್ಬರ ಪುಟಗಳನ್ನೂ ಪ್ರಿಂಟ್ ತೆಗೆದು ಕಳುಹಿಸಿದ್ದೇನೆ. ಈ ಅಂಕಿಗಳನ್ನು ಹೇಗೆ ಓದಬೇಕು?

ಉತ್ತರ: ನಿಮ್ಮ ಭಾವನವರ ಮಾತನ್ನು ತೀರಾ ತಳ್ಳಿಹಾಕುವಂತಿಲ್ಲ. ಆದರೆ ಅವರು ತೂಕದ ಚೀಟಿ ನೋಡಿದ್ದಾರೆಯೇ ಹೊರತು ಚೀಲ ಬಿಚ್ಚಿಲ್ಲ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಲ್ಲವನ್ನೂ ಒಟ್ಟಿಗೆ ಸುರಿದು ‘ಇಷ್ಟು ಕ್ವಿಂಟಲ್ ಇದೆ, ದರ ಹೇಳಿ’ ಎಂದರೆ ಶಿರಸಿಯ ಯಾವ ವ್ಯಾಪಾರಿ ತಾನೇ ಟೆಂಡರ್ ಬರೆದಾನು? 6,800 ಎಂಬುದು ಅಂಥದೇ ಒಟ್ಟು ತೂಕ. ಅದರೊಳಗೆ ಏನೇನು ಬೆರೆತಿದೆ ಎಂಬುದನ್ನು ಬಿಡಿಸಿ ನೋಡುವುದಕ್ಕೆ ನರವಿಜ್ಞಾನದ ಪದವಿ ಬೇಕಾಗಿಲ್ಲ. ಒಂದು ಮಧ್ಯಾಹ್ನದ ಬಿಡುವು ಮತ್ತು ಸ್ವಲ್ಪ ಅನುಮಾನದ ಬುದ್ಧಿ ಸಾಕು. ನಾನು ನರವಿಜ್ಞಾನಿಯಲ್ಲ. ಸಂಶೋಧನಾ ಸಂಸ್ಥೆಯೊಂದರ ಗ್ರಂಥಾಲಯದಲ್ಲಿ ಇಂಥ ಲೆಕ್ಕಗಳನ್ನೇ ಮಾಡುತ್ತ ನಿವೃತ್ತನಾಗಿ ಈಗ ಕುಮಟೆಯಲ್ಲಿದ್ದೇನೆ. ಹಾಗಾಗಿ ಈ ಪ್ರಾಧ್ಯಾಪಕರ ವಿಜ್ಞಾನದ ಒಳತೀರ್ಪನ್ನು ನಾನು ಕೊಡಲಾರೆ. ಅವರ ದಾಖಲೆ ಏನು ಹೇಳುತ್ತದೆ, ಏನನ್ನು ಹೇಳಲಾರದು ಎಂಬುದನ್ನು ಹೇಳಬಲ್ಲೆ.

ಮೊದಲು ಸೈಟೇಶನ್ ಎಂದರೇನು ಎಂಬುದು ಸ್ಪಷ್ಟವಾಗಿರಲಿ. ಒಂದು ಪ್ರಬಂಧದ ಕೊನೆಯಲ್ಲಿರುವ ಆಧಾರಪಟ್ಟಿಯಲ್ಲಿ ಇನ್ನೊಂದು ಪ್ರಬಂಧದ ಹೆಸರು ಬಂದರೆ, ಆ ಎರಡನೆಯದಕ್ಕೆ ಒಂದು ಸೈಟೇಶನ್ ಸೇರಿತು. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರತಂದಾಗ ಅದರ ಮುಖ್ಯ ಉದ್ದೇಶ ಒಂದು ಪ್ರಬಂಧದ ಎಳೆ ಹಿಡಿದು ಅದಕ್ಕೆ ಸಂಬಂಧಿಸಿದ ಮುಂದಿನ ಪ್ರಬಂಧಗಳನ್ನು ಹುಡುಕಲು ಅನುಕೂಲ ಮಾಡಿಕೊಡುವುದಾಗಿತ್ತು. ಹುಡುಕುವುದಕ್ಕೆಂದು ಮಾಡಿದ ಸಾಧನ ಕಾಲಕ್ರಮದಲ್ಲಿ ಮನುಷ್ಯರನ್ನು ಅಳೆಯುವ ಕೊಳಗವಾಯಿತು. ಎಚ್-ಇಂಡೆಕ್ಸ್ ಇನ್ನೂ ಈಚಿನದು. ಅದನ್ನು 2005ರಲ್ಲಿ ಸೂಚಿಸಿದವರು ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ.

ಎಚ್-ಇಂಡೆಕ್ಸನ್ನು ಒಮ್ಮೆ ಕೈಯಲ್ಲೇ ಲೆಕ್ಕ ಮಾಡಿ ನೋಡಿ. ಒಬ್ಬರು ಹತ್ತು ಪ್ರಬಂಧ ಬರೆದಿದ್ದಾರೆ, ಅವುಗಳಿಗೆ ಬಂದ ಸೈಟೇಶನ್ ಇಳಿಕೆಯ ಕ್ರಮದಲ್ಲಿ 96, 54, 41, 22, 12, 9, 7, 4, 2, 0 ಎಂದಿಟ್ಟುಕೊಳ್ಳಿ. ಮೇಲಿನಿಂದ ಎಣಿಸುತ್ತ ಬಂದರೆ ಏಳನೆಯ ಪ್ರಬಂಧಕ್ಕೆ 7 ಸೈಟೇಶನ್ ಇದೆ, ಎಂಟನೆಯದಕ್ಕೆ ಎಂಟು ಇಲ್ಲ. ಅಂದರೆ ಕನಿಷ್ಠ ಏಳೇಳು ಸೈಟೇಶನ್ ಪಡೆದ ಪ್ರಬಂಧಗಳು ಏಳು, ಆದ್ದರಿಂದ ಎಚ್-ಇಂಡೆಕ್ಸ್ 7. ಒಟ್ಟು ಸೈಟೇಶನ್ 247, ಹತ್ತಕ್ಕೆ ಕಡಿಮೆಯಿಲ್ಲದಷ್ಟು ಉಲ್ಲೇಖ ಪಡೆದವು ಐದು, ಅಂದರೆ ಗೂಗಲ್ ಸ್ಕಾಲರ್ ತೋರಿಸುವ ಐ10-ಇಂಡೆಕ್ಸ್ 5. ಈಗ ಮೊದಲ ಪ್ರಬಂಧದ 96ರ ಬದಲು 9,600 ಎಂದು ಬರೆದು ನೋಡಿ. ಒಟ್ಟು ಮೊತ್ತ ನಲವತ್ತು ಪಟ್ಟು ಹತ್ತಿರ ಹತ್ತಿರ ಏರುತ್ತದೆ, ಎಚ್-ಇಂಡೆಕ್ಸ್ ಮಾತ್ರ ಏಳರಿಂದ ಕದಲುವುದಿಲ್ಲ. ಇದು ಅದರ ಗುಣವೂ ಹೌದು, ದೋಷವೂ ಹೌದು. ಒಂದೇ ಒಂದು ಪ್ರಬಂಧದ ಅಬ್ಬರಕ್ಕೆ ಅದು ಮಣಿಯುವುದಿಲ್ಲ. ಹಾಗೆಯೇ ಒಂದೇ ಒಂದು ಮಹತ್ವದ ಕೆಲಸ ಮಾಡಿದವರನ್ನು ಗುರುತಿಸುವುದೂ ಇಲ್ಲ. ಜೊತೆಗೆ ಅದು ವಯಸ್ಸಿನೊಂದಿಗೆ ಏರುತ್ತದೆಯೇ ವಿನಾ ಎಂದೂ ಇಳಿಯುವುದಿಲ್ಲ. ನೀವು ಕಳುಹಿಸಿದ ಪುಟಗಳ ಪ್ರಕಾರ ಮೊದಲನೆಯವರ ಮೊದಲ ಪ್ರಬಂಧ ಎರಡನೆಯವರ ಮೊದಲ ಪ್ರಬಂಧಕ್ಕಿಂತ ಹದಿನಾಲ್ಕು ವರ್ಷ ಹಳೆಯದು. 29 ಮತ್ತು 16ರ ನಡುವಿನ ಅಂತರದಲ್ಲಿ ಈ ಹದಿನಾಲ್ಕು ವರ್ಷದ ಪಾಲು ದೊಡ್ಡದು.

ಇನ್ನು ಹೆಸರಿನ ತೊಡಕು. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹೆಗಡೆ, ಭಟ್, ನಾಯ್ಕ, ಗೌಡ ಎಂಬ ನಾಲ್ಕು ಅಡ್ಡಹೆಸರುಗಳಿಗೆ ಒಂದೊಂದು ಇನಿಶಿಯಲ್ ಹಚ್ಚಿದರೆ ಅರ್ಧ ಹಾಜರಿ ಪುಸ್ತಕ ಮುಗಿಯುತ್ತದೆ. ಗೂಗಲ್ ಸ್ಕಾಲರ್ ಯಂತ್ರವು ಒಂದೇ ಇನಿಶಿಯಲ್ಲಿನ ಇಬ್ಬರನ್ನು ಒಬ್ಬರನ್ನಾಗಿಸಬಲ್ಲದು, ಹೆಗಡೆ ಎಂಬುದನ್ನು ಇಂಗ್ಲಿಷಿನಲ್ಲಿ ಎರಡು ಬಗೆಯಲ್ಲಿ ಬರೆದ ಒಬ್ಬರನ್ನು ಇಬ್ಬರನ್ನಾಗಿಸಬಲ್ಲದು. ನಾನೇ ಒಮ್ಮೆ ವಾರ್ಷಿಕ ವರದಿಗಾಗಿ ನಮ್ಮ ವಿಜ್ಞಾನಿಯೊಬ್ಬರ ಲೆಕ್ಕ ತೆಗೆಯುವಾಗ, ಬೇರೆ ಊರಿನ ಮೂಳೆರೋಗ ತಜ್ಞರೊಬ್ಬರ ಹನ್ನೊಂದು ಪ್ರಬಂಧಗಳನ್ನು ಅವರ ಖಾತೆಗೆ ಸೇರಿಸಿ, ವರದಿ ಅಚ್ಚಾದ ಮೇಲೆ ತಲೆ ತಗ್ಗಿಸಿ ನಿಂತಿದ್ದೇನೆ. ಮೊಣಕಾಲಿನ ಶಸ್ತ್ರಚಿಕಿತ್ಸೆಗೂ ಮೆದುಳಿಗೂ ಏನು ಸಂಬಂಧ ಎಂದು ಕೇಳುವಷ್ಟು ವ್ಯವಧಾನ ನನಗೆ ಆ ದಿನ ಇರಲಿಲ್ಲ. 2012ರಲ್ಲಿ ಆರಂಭವಾದ ಆರ್ಕಿಡ್ ಎಂಬ 16 ಅಂಕಿಗಳ ಗುರುತುಸಂಖ್ಯೆ ಈ ಗೊಂದಲಕ್ಕೆಂದೇ ಬಂದದ್ದು. ಇಬ್ಬರಿಗೂ ಅದು ಇದ್ದರೆ ಅಲ್ಲಿಯ ಪಟ್ಟಿಯೊಡನೆ ಹೋಲಿಸಿ ನೋಡಿ. ಗೂಗಲ್ ಸ್ಕಾಲರ್ ಪ್ರಿಪ್ರಿಂಟ್ (ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ಹೊರಬಿಟ್ಟ ಪ್ರತಿ), ಥೀಸಿಸ್, ಸಮ್ಮೇಳನದ ಬರಹಗಳನ್ನೂ ಎಣಿಸುವುದರಿಂದ ಅಲ್ಲಿಯ ಸಂಖ್ಯೆ ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್ ಎಂಬ ಸೈಟೇಶನ್ ದತ್ತಸಂಚಯಗಳ ಸಂಖ್ಯೆಗಿಂತ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಒಬ್ಬರದನ್ನು ಒಂದು ಕಡೆಯಿಂದ, ಇನ್ನೊಬ್ಬರದನ್ನು ಮತ್ತೊಂದು ಕಡೆಯಿಂದ ತೆಗೆದು ಹೋಲಿಸಬಾರದು. ನೀವು ಹಾಗೆ ಮಾಡಿಲ್ಲ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಆದರೆ ಯಾವ ಸೂಚ್ಯಂಕದಲ್ಲೂ ನೇರವಾಗಿ ಕಾಣದಿರುವುದು, ಲೇಖಕರ ಹೆಸರುಗಳ ಕ್ರಮ. ನರವಿಜ್ಞಾನದಲ್ಲಿ, ಜೀವವಿಜ್ಞಾನದ ಬಹುಪಾಲು ಶಾಖೆಗಳಲ್ಲಿರುವಂತೆ, ಮೊದಲ ಹೆಸರು ಪ್ರಯೋಗವನ್ನು ಕೈಯಾರೆ ಮಾಡಿದವರದು; ಅವರು ಸಾಮಾನ್ಯವಾಗಿ ಪಿಎಚ್.ಡಿ. ವಿದ್ಯಾರ್ಥಿ ಅಥವಾ ಪೋಸ್ಟ್‌ಡಾಕ್ (ಪಿಎಚ್.ಡಿ. ಮುಗಿಸಿ ಲ್ಯಾಬಿನಲ್ಲಿ ದುಡಿಯುವ ಸಂಶೋಧಕ). ಕೊನೆಯ ಹೆಸರು ಲ್ಯಾಬಿನ ಮುಖ್ಯಸ್ಥರದು: ಕಲ್ಪನೆ, ಹಣ, ಹೊಣೆ ಅವರದು. ನಡುವಿನವರ ಕೊಡುಗೆ ಅಂಗಾಂಶದ ತೆಳುಪದರ ಕತ್ತರಿಸಿಕೊಟ್ಟದ್ದರಿಂದ ಹಿಡಿದು ಅರ್ಧ ವಿಶ್ಲೇಷಣೆಯವರೆಗೆ ಏನೂ ಆಗಿರಬಹುದು. ಗೂಗಲ್ ಸ್ಕಾಲರ್ ಪುಟ ಪ್ರತಿ ಪ್ರಬಂಧದ ಕೆಳಗೆ ಕೆಲವೇ ಹೆಸರುಗಳನ್ನು ತೋರಿಸಿ ಮುಂದೆ ಮೂರು ಚುಕ್ಕಿ ಇಡುತ್ತದೆ. ಆ ಮೂರು ಚುಕ್ಕಿಯ ಹಿಂದೆ ಇನ್ನಿಬ್ಬರಿರಬಹುದು, ಇನ್ನೂರು ಮಂದಿಯೂ ಇರಬಹುದು. ಜಾಗತಿಕ ರೋಗಭಾರದ ಲೆಕ್ಕ ಹಾಕುವ ಗ್ಲೋಬಲ್ ಬರ್ಡನ್ ಆಫ್ ಡಿಸೀಸ್ ಸರಣಿಯ ಪ್ರಬಂಧಗಳಲ್ಲಿ ನೂರಾರು ಲೇಖಕರಿರುತ್ತಾರೆ, ಒಂದೊಂದಕ್ಕೆ ಸಾವಿರಾರು ಸೈಟೇಶನ್ ಬರುತ್ತದೆ, ಮತ್ತು ಆ ಸಾವಿರಗಳು ಪ್ರತಿಯೊಬ್ಬರ ಖಾತೆಗೂ ಇಡಿಯಾಗಿ ಜಮೆಯಾಗುತ್ತವೆ. ಊರ ಕೆರೆಯ ಹೂಳೆತ್ತಿದ ಪ್ರತಿಯೊಬ್ಬರೂ ಇಡೀ ಕೆರೆ ತನ್ನದೆಂದು ಪಹಣಿಯಲ್ಲಿ ಬರೆಸಿಕೊಂಡಂತೆ. ಆ ಕೆಲಸ ಉಪಯುಕ್ತವಾದದ್ದೇ. ಆದರೆ ಒಂದು ಲ್ಯಾಬಿನ ಸತ್ವದ ಬಗ್ಗೆ ಅದು ಏನನ್ನೂ ತಿಳಿಸದು.

ಈ ಕಣ್ಣಿನಿಂದ ನಿಮ್ಮ ಪ್ರಿಂಟುಗಳನ್ನು ನೋಡಿದೆ. ಮೊದಲನೆಯವರ 6,800ರಲ್ಲಿ 4,100 ಬಂದಿರುವುದು ಅವರು ನೂರಾರು ಲೇಖಕರಲ್ಲಿ ಒಬ್ಬರಾಗಿರುವ ಮೂರು ಪ್ರಬಂಧಗಳಿಂದ. ಅವನ್ನು ಬದಿಗಿಟ್ಟರೆ ಉಳಿದ 137 ಪ್ರಬಂಧಗಳಿಗೆ 2,700, ಅಂದರೆ ಪ್ರಬಂಧಕ್ಕೆ ಸರಾಸರಿ 20ರ ಹತ್ತಿರ. ಎರಡನೆಯವರದು 38ಕ್ಕೆ 1,150, ಸರಾಸರಿ 30. ಅಂತರ ತಿರುಗಿಬಿತ್ತು, ನೋಡಿ. ಸರಾಸರಿಯೂ ಪೂರ್ತಿ ನಂಬಿಕಸ್ಥನಲ್ಲ, ಆದರೂ ‘ಆರು ಪಟ್ಟು ದೊಡ್ಡವರು’ ಎಂಬ ಭಾವನವರ ವಾದ ಇಲ್ಲಿಗೆ ನಿಲ್ಲುವುದಿಲ್ಲ. ಮೊದಲನೆಯವರ ಎಚ್-ಇಂಡೆಕ್ಸ್ ಮಾತ್ರ ಈ ಮೂರರಿಂದ ಹೆಚ್ಚೆಂದರೆ ಮೂರು ಏರಿದ್ದೀತು. ಅವರ 29 ಬಹುಮಟ್ಟಿಗೆ ಸ್ವಂತ ದುಡಿಮೆಯದೇ ಎಂಬುದನ್ನೂ ನ್ಯಾಯವಾಗಿ ಹೇಳಬೇಕು.

ಸಂಖ್ಯೆ ದೊಡ್ಡದಾಗುವುದಕ್ಕೂ ಕೆಲಸದ ತೂಕಕ್ಕೂ ನೇರ ಸಂಬಂಧ ಇಲ್ಲದಿರುವುದಕ್ಕೆ ಕೆಲವು ಕಾರಣಗಳಿವೆ. ವಿಜ್ಞಾನ ಸಾಹಿತ್ಯದಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ಪ್ರಬಂಧ ಯಾವ ಮಹಾ ಸಿದ್ಧಾಂತದ್ದೂ ಅಲ್ಲ. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನವನ್ನು ವಿವರಿಸಿ ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದದ್ದು, ಮೂರು ಲಕ್ಷಕ್ಕೂ ಮಿಕ್ಕಿ ಸೈಟೇಶನ್ ಪಡೆದದ್ದು. ವಿಧಾನವನ್ನು ಬಳಸಿದವರೆಲ್ಲ ಹೆಸರು ಹೇಳಲೇಬೇಕಲ್ಲ. ನರವಿಜ್ಞಾನದಲ್ಲಿ ಕಾರ್ಲ್ ಫ್ರಿಸ್ಟನ್ ಅತ್ಯಂತ ಹೆಚ್ಚು ಉಲ್ಲೇಖಿತರಲ್ಲಿ ಒಬ್ಬರಾಗಿರುವುದಕ್ಕೂ ಮೆದುಳಿನ ಸ್ಕ್ಯಾನ್ ವಿಶ್ಲೇಷಿಸಲು ಅವರು ರೂಪಿಸಿದ ಸಂಖ್ಯಾಶಾಸ್ತ್ರೀಯ ವಿಧಾನ ಮತ್ತು ಸಾಫ್ಟ್‌ವೇರ್ ಒಂದು ಮುಖ್ಯ ಕಾರಣ. ಇನ್ನೊಂದು ತುದಿಯಲ್ಲಿ, ನರಕೋಶವನ್ನು ಬಿಡಿಬಿಡಿಯಾದ ಘಟಕವೆಂದು ತೋರಿಸಿ 1906ರ ನೊಬೆಲ್ ಹಂಚಿಕೊಂಡ ಕಹಾಲ್ ಅವರ ಹೆಸರನ್ನು ನರಕೋಶ ಎಂದು ಬರೆಯುವ ಪ್ರತಿಯೊಬ್ಬರೂ ಉಲ್ಲೇಖಿಸುವುದಿಲ್ಲ. ಪಠ್ಯಪುಸ್ತಕಕ್ಕೆ ಇಳಿದ ಜ್ಞಾನಕ್ಕೆ ಸೈಟೇಶನ್ ನಿಂತುಹೋಗುತ್ತದೆ.

ಕ್ಷೇತ್ರದ ಜನಸಂಖ್ಯೆಯೂ ಲೆಕ್ಕಕ್ಕೆ ಬರುತ್ತದೆ. ಆಲ್ಝೈಮರ್ ಬಗ್ಗೆ ಜಗತ್ತಿನ ಸಾವಿರಾರು ಲ್ಯಾಬುಗಳು ಬರೆಯುತ್ತವೆ. ಒಬ್ಬರು ಬರೆದದ್ದನ್ನು ಉಲ್ಲೇಖಿಸಲು ಸಾವಿರ ಮಂದಿ ಇದ್ದಾರೆ. ನಮ್ಮ ಸಿದ್ದಾಪುರದ ಕಡೆ ಬೇಸಿಗೆ ಬಂತೆಂದರೆ ಹೆದರಿಸುವ ಮಂಗನ ಕಾಯಿಲೆಯನ್ನು ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ರೋಗದಲ್ಲಿ ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಎರಡನೆಯ ಸುತ್ತು ಬಂದು, ತೀವ್ರ ತಲೆನೋವು, ಕುತ್ತಿಗೆ ಸೆಡೆತ, ನಡುಕ, ಮನಸ್ಸಿನ ಗೊಂದಲ ಕಾಣಿಸಿಕೊಳ್ಳುತ್ತವೆ. ವೈರಸ್ಸು ಮೆದುಳಿಗೆ ಏನು ಮಾಡುತ್ತದೆ ಎಂದು ನಾಳೆ ಯಾರಾದರೂ ಅಚ್ಚುಕಟ್ಟಾಗಿ ಬರೆದರೆ, ಅದು ನಮ್ಮ ಮಲೆನಾಡಿಗೆ ಸಾವಿರ ಆಲ್ಝೈಮರ್ ಪ್ರಬಂಧಗಳಿಗಿಂತ ಬೇಕಾದದ್ದು; ಆದರೆ ಅದನ್ನು ಉಲ್ಲೇಖಿಸುವ ಲ್ಯಾಬುಗಳು ಬೆರಳೆಣಿಕೆಯವು.

ಕೆಲಸದ ಬಗೆಯೂ ಹಾಗೆಯೇ. ಮಗಳಿಗೆ ಇಷ್ಟವಾಗಿರುವ ಎರಡನೆಯವರು ಎಚ್ಚರವಾಗಿ ಓಡಾಡುವ ಇಲಿಗಳ ಮೆದುಳಿನಿಂದ ವಿದ್ಯುತ್ ಸಂಕೇತ ದಾಖಲಿಸುವವರು. ಇಲಿಯನ್ನು ಪಳಗಿಸಿ, ಸೂಕ್ಷ್ಮ ತಂತಿಗಳನ್ನು ಅಳವಡಿಸಿ, ತಿಂಗಳುಗಟ್ಟಲೆ ದಾಖಲಿಸಿ, ಯಾವ ಸಂಕೇತ ಯಾವ ಕೋಶದ್ದೆಂದು ಬೇರ್ಪಡಿಸುವಷ್ಟರಲ್ಲಿ ಎರಡು ಮೂರು ವರ್ಷ ಸರಿಯುವುದು ಸಾಮಾನ್ಯ. ಜಾಗವನ್ನು ಗುರುತಿಸುವ ನರಕೋಶಗಳ ಬಗ್ಗೆ ಜಾನ್ ಓಕೀಫ್ 1971ರಲ್ಲಿ ಸಹಲೇಖಕರೊಬ್ಬರೊಡನೆ ಬರೆದ ಮೊದಲ ವರದಿ ಬರೀ ಐದು ಪುಟದ್ದು. ನೊಬೆಲ್ ಬಂದದ್ದು 2014ರಲ್ಲಿ. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ನರದ ವಿದ್ಯುತ್ ಸಂಕೇತದ ಸಮೀಕರಣಗಳನ್ನು 1952ರಲ್ಲಿ ಕೊಟ್ಟದ್ದು ಸ್ಕ್ವಿಡ್‌ನ ದಪ್ಪ ನರತಂತುವಿನ ಮೇಲೆ ಕೆಲಸ ಮಾಡಿ, ಅಂದರೆ ನಮ್ಮ ಕರಾವಳಿಯ ಮೀನುಪೇಟೆಯಲ್ಲಿ ಬೊಂಡಾಸ ಎಂದು ಮಾರುವ ಜೀವಿಯ ಜಾತಿಯದು. ತಂತು ದಪ್ಪವಾಗಿದ್ದರಿಂದ ಒಳಗೆ ವಿದ್ಯುದ್ವಾರ ತೂರಿಸಲು ಸಾಧ್ಯವಾಯಿತು. ಇಂಥ ಕೆಲಸಕ್ಕೆ ವರ್ಷಕ್ಕೆ ಇಂತಿಷ್ಟು ಪೇಪರ್ ಎಂಬ ಕೂಲಿಲೆಕ್ಕ ಒಪ್ಪುವುದಿಲ್ಲ.

ಉಲ್ಲೇಖಿಸಿದವರು ಏಕೆ ಉಲ್ಲೇಖಿಸಿದರು ಎಂಬುದನ್ನೂ ಸಂಖ್ಯೆ ಹೇಳದು. ಹೊಗಳಿಕೆ, ಖಂಡನೆ, ಶಾಸ್ತ್ರಕ್ಕೊಂದು ಹೆಸರು ಎಲ್ಲವೂ ಒಂದೊಂದೇ. ಆಲ್ಝೈಮರ್ ಕುರಿತು 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಪ್ರಸಿದ್ಧ ಪ್ರಬಂಧವೊಂದು, ಚಿತ್ರಗಳನ್ನು ತಿದ್ದಿರುವುದು ಬಯಲಾಗಿ 2024ರಲ್ಲಿ ಹಿಂತೆಗೆಯಲ್ಪಟ್ಟಿತು. ಅಷ್ಟರೊಳಗೆ ಅದಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸೈಟೇಶನ್ ಸೇರಿತ್ತು. ಆದ್ದರಿಂದ ಮಗಳು ಪ್ರತಿಯೊಬ್ಬರ ಒಂದೆರಡು ಪ್ರಬಂಧಗಳ ‘ಸೈಟೆಡ್ ಬೈ’ ಕೊಂಡಿಯನ್ನು ಒತ್ತಿ, ಉಲ್ಲೇಖಿಸಿದ ಹತ್ತು ಬರಹಗಳನ್ನಾದರೂ ತೆರೆದು ನೋಡಲಿ. ನಮ್ಮ ಮನೆಯ ಒಂದೆಲಗದ ಉದಾಹರಣೆಯನ್ನೇ ಹೇಳುತ್ತೇನೆ. ಒಂದೆಲಗದ ಎಲೆಯ ರಸ ಕುಡಿಸಿದ ಎಳೆಯ ಇಲಿಗಳ ಮೆದುಳಿನಲ್ಲಿ, ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಭಾಗದಲ್ಲಿ ನರಕೋಶಗಳ ಕವಲು ಹೆಚ್ಚಿದ್ದನ್ನು ಮಣಿಪಾಲದ ಸಂಶೋಧಕರು ವರದಿ ಮಾಡಿದ್ದಾರೆ. ಇಂಥದನ್ನು ಉಲ್ಲೇಖಿಸುವವರಲ್ಲಿ ಪ್ರಯೋಗವನ್ನು ತಾವೂ ಮಾಡಿ ನೋಡಿದವರು ಒಂದು ಬಗೆ, ‘ಈ ಸಸ್ಯ ನೆನಪಿನ ಶಕ್ತಿಗೆ ಒಳ್ಳೆಯದು’ ಎಂಬ ಒಂದು ವಾಕ್ಯಕ್ಕೆ ಆಧಾರವಾಗಿ ಪಟ್ಟಿಗೆ ಸೇರಿಸಿದವರು ಇನ್ನೊಂದು ಬಗೆ. ಮೊದಲ ಬಗೆಯ ಹತ್ತು ಸೈಟೇಶನ್ ಎರಡನೆಯ ಬಗೆಯ ನೂರಕ್ಕಿಂತ ಮೇಲು. (ತಂಬುಳಿ ಉಣ್ಣುವುದಕ್ಕೆ ಇಷ್ಟೆಲ್ಲ ಪುರಾವೆ ಬೇಕೆಂದು ನಾನು ಹೇಳುತ್ತಿಲ್ಲ.)

ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ವಿಷಯವನ್ನು ನೀವು ಕೇಳಿಲ್ಲ, ಭಾವನವರು ಮುಂದೆ ಎತ್ತಬಹುದು. ಅದು ಪತ್ರಿಕೆಯೊಂದರ ಹಿಂದಿನ ಎರಡು ವರ್ಷಗಳ ಬರಹಗಳಿಗೆ ಆ ವರ್ಷ ಬಂದ ಉಲ್ಲೇಖಗಳ ಸರಾಸರಿ. ಪತ್ರಿಕೆಯ ಗುಣಲಕ್ಷಣವೇ ಹೊರತು ಅದರಲ್ಲಿ ಬರೆದ ವ್ಯಕ್ತಿಯದಲ್ಲ. ಅದನ್ನು ವ್ಯಕ್ತಿಗಳನ್ನು ಅಳೆಯಲು ಬಳಸಬಾರದೆಂದು ಸಂಶೋಧನೆಯ ಮೌಲ್ಯಮಾಪನ ಕುರಿತ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ 2013ರಲ್ಲೇ ಹೇಳಿದೆ. ಇನ್ನು ‘ಜಗತ್ತಿನ ಅಗ್ರ ಶೇ 2ರ ವಿಜ್ಞಾನಿಗಳು’ ಎಂಬ ಪಟ್ಟಿ. ಪ್ರತಿ ವರ್ಷ ಅದು ಬಂದಾಗ ಕಾಲೇಜಿನ ಗೇಟಿಗೆ ಫ್ಲೆಕ್ಸ್ ಏರುತ್ತದೆ. ಅದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿಯಲ್ಲ. ಅಲ್ಲಿಯ ಪ್ರಾಧ್ಯಾಪಕ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ದತ್ತಾಂಶದಿಂದ ಆರು ಅಂಶಗಳನ್ನು ಕೂಡಿಸಿ ಮಾಡುವ ಲೆಕ್ಕ. ಒಬ್ಬಂಟಿ, ಮೊದಲ ಮತ್ತು ಕೊನೆಯ ಲೇಖಕರಾಗಿ ಬರೆದದ್ದನ್ನು ಬೇರೆಯಾಗಿ ಗಣಿಸುವುದರಿಂದ ಅದು ಬರೀ ಒಟ್ಟು ಸೈಟೇಶನ್ನಿಗಿಂತ ವಾಸಿ ಎಂದು ನನ್ನ ಅಭಿಪ್ರಾಯ. ಆದರೆ ಇಡೀ ವೃತ್ತಿಜೀವನದ್ದೊಂದು, ಒಂದೇ ವರ್ಷದ್ದೊಂದು ಎಂದು ಅದರಲ್ಲಿ ಎರಡು ಪಟ್ಟಿಗಳಿವೆ. ಹೆಸರಿರುವುದು ಯಾವುದರಲ್ಲಿ ಎಂದು ನಾನು ನೋಡಿದ ಯಾವ ಫ್ಲೆಕ್ಸೂ ಹೇಳಿಲ್ಲ.

ಮಗಳ ಮಟ್ಟಿಗೆ ನಿಜವಾಗಿ ಬೇಕಾದ ಮಾಹಿತಿ ಬೇರೆಯೇ ಇದೆ. ಅವಳು ಹೋಗುತ್ತಿರುವುದು ಗೈಡ್‌ನ ಕೀರ್ತಿಯಲ್ಲಿ ಪಾಲು ಕೇಳಲು ಅಲ್ಲ, ಐದಾರು ವರ್ಷ ಅವರ ಲ್ಯಾಬಿನಲ್ಲಿ ದುಡಿದು ಮೊದಲ ಲೇಖಕಿಯಾಗಿ ಹೊರಬರಲು. ಹಾಗಾಗಿ ಪುಟದಲ್ಲಿ ‘ಇಯರ್’ ಎಂಬುದನ್ನು ಒತ್ತಿ ಪಟ್ಟಿಯನ್ನು ವರ್ಷದ ಕ್ರಮಕ್ಕೆ ತಂದೆ, ಕಳೆದ ಐದು ವರ್ಷದ ಪ್ರಬಂಧಗಳನ್ನು ಒಂದೊಂದಾಗಿ ತೆರೆದೆ. ಮೊದಲನೆಯವರಿಗೆ ಈ ಅವಧಿಯಲ್ಲಿ 61 ಪ್ರಬಂಧಗಳಿವೆ. ಕೊನೆಯ ಲೇಖಕರಾಗಿರುವುದು 18ರಲ್ಲಿ, ಆ ಹದಿನೆಂಟರಲ್ಲಿ ಅವರದೇ ವಿದ್ಯಾರ್ಥಿ ಮೊದಲ ಲೇಖಕರಾಗಿರುವುದು ಆರರಲ್ಲಿ. ಎರಡನೆಯವರಿಗೆ 14, ಕೊನೆಯ ಲೇಖಕರಾಗಿರುವುದು 11ರಲ್ಲಿ, ವಿದ್ಯಾರ್ಥಿಗಳು ಮೊದಲಿಗರಾಗಿರುವುದು ಒಂಬತ್ತರಲ್ಲಿ. ವಿದ್ಯಾರ್ಥಿಯ ಹೆಸರನ್ನು ಮುಂದಿಡುವ ಲ್ಯಾಬು ಯಾವುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸುಳಿವು ಸಿಗುವುದು ಕಷ್ಟ.

ಹಾಗೆಂದು ಎರಡನೆಯವರ ದಾಖಲೆಯಲ್ಲಿ ಕೇಳಬೇಕಾದದ್ದು ಇಲ್ಲವೆಂದಲ್ಲ. ನಡುವೆ ಎರಡು ವರ್ಷ ಒಂದೇ ಒಂದು ಪ್ರಬಂಧ ಬಂದಿದೆ. ಕೋವಿಡ್ ಕಾಲದಲ್ಲಿ ಪ್ರಾಣಿಗೃಹ ಮುಚ್ಚಿತ್ತೋ, ಸಂಸ್ಥೆ ಬದಲಾಯಿಸಿದರೋ, ಅನುದಾನ ನಿಂತಿತ್ತೋ ಎಂದು ಮಗಳು ನೇರವಾಗಿ ಕೇಳಲಿ. ಕೇಳಿದ್ದಕ್ಕೆ ಸಿಟ್ಟಾಗುವವರಾದರೆ ಅದೂ ಒಂದು ಮಾಹಿತಿಯೇ. ಎರಡನೆಯದಾಗಿ, ಪ್ರತಿ ಪ್ರಬಂಧದಲ್ಲಿ ಎಷ್ಟು ಪ್ರಾಣಿಗಳು, ಎಷ್ಟು ಕೋಶಗಳು ಎಂಬುದನ್ನು ಗುರುತು ಹಾಕಲಿ. 2013ರ ವಿಶ್ಲೇಷಣೆಯೊಂದು ನರವಿಜ್ಞಾನದ ಅಧ್ಯಯನಗಳ ನಟ್ಟನಡುವಿನ (ಮೀಡಿಯನ್) ಸಂಖ್ಯಾಶಾಸ್ತ್ರೀಯ ಸಾಮರ್ಥ್ಯ ಸುಮಾರು ಶೇ 21 ಎಂದು ಅಂದಾಜಿಸಿತು. ಅಂದರೆ ನಿಜವಾದ ಪರಿಣಾಮ ಇದ್ದಾಗಲೂ ಐದರಲ್ಲಿ ಒಂದು ಸಲ ಮಾತ್ರ ಅದು ಬಲೆಗೆ ಬೀಳುವಷ್ಟು ಚಿಕ್ಕ ಮಾದರಿಗಳು. ಸಂಖ್ಯೆ ಚಿಕ್ಕದಿದ್ದರೂ ಅದನ್ನು ಒಪ್ಪಿಕೊಂಡು ಬರೆಯುವವರು, ದತ್ತಾಂಶವನ್ನು ಬೇರೆಯವರಿಗೂ ತೆರೆದಿಡುವವರು ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತಾರೆ. ಇಬ್ಬರ ಯಾವುದಾದರೂ ಪ್ರಬಂಧ ಹಿಂತೆಗೆಯಲ್ಪಟ್ಟಿದೆಯೇ ಎಂದು ರಿಟ್ರ್ಯಾಕ್ಷನ್ ವಾಚ್ ದತ್ತಸಂಚಯದಲ್ಲಿ ನೋಡಿದೆ, ಇಲ್ಲ.

ನನ್ನ ಒಲವು ಎರಡನೆಯವರ ಕಡೆಗಿದೆ ಎಂಬುದು ನಿಮಗೆ ಈಗಾಗಲೇ ತಿಳಿದಿರಬೇಕು. ಮಗಳಿಗೆ ರೋಗಿಗಳ ಸ್ಕ್ಯಾನ್‌ಗಳು, ದೊಡ್ಡ ದತ್ತಾಂಶ, ಹಲವು ಆಸ್ಪತ್ರೆಗಳ ಜಂಟಿ ಅಧ್ಯಯನ ಇಷ್ಟವಾಗಿದ್ದರೆ ನಾನು ಮೊದಲನೆಯವರನ್ನೇ ಹೇಳುತ್ತಿದ್ದೆ. ಅವರ ಬಲ ಇರುವುದೂ ಅಲ್ಲೇ. ಅವಳಿಗೆ ಬೇಕಾದದ್ದು ಇಲಿಯ ಮೆದುಳಿನ ಕೋಶಗಳ ಮಾತು ಕೇಳುವುದಾದರೆ, ಅದನ್ನು ಕಲಿಸಬಲ್ಲವರು ಈ ಇಬ್ಬರಲ್ಲಿ ಎರಡನೆಯವರು.

ತೀರ್ಮಾನಕ್ಕೆ ಮೊದಲು ಅವಳು ಎರಡನೆಯವರ ಮೂರು ಪ್ರಬಂಧಗಳನ್ನು ಓದಲಿ: ಅತಿ ಹೆಚ್ಚು ಉಲ್ಲೇಖ ಪಡೆದದ್ದು, ಅತಿ ಈಚಿನದು, ಮತ್ತು ಲ್ಯಾಬಿನವರಷ್ಟೇ ಸೇರಿ ಬರೆದದ್ದು. ಎರಡು ಉಚಿತವಾಗಿ ಸಿಗುತ್ತವೆ. ಮೂರನೆಯದು ಹಣ ಕೊಟ್ಟು ಓದುವ ಪತ್ರಿಕೆಯಲ್ಲಿದೆ. ಅದಕ್ಕಾಗಿ ಮೊದಲ ಲೇಖಕರಿಗೇ ಇ-ಮೇಲ್ ಬರೆದು ಪ್ರತಿ ಕೇಳಲಿ, ಸಂಶೋಧಕರ ನಡುವೆ ಇದು ರೂಢಿಯಲ್ಲಿರುವ ಕ್ರಮ. ಆ ಮೊದಲ ಲೇಖಕರು ಕಳೆದ ವರ್ಷವಷ್ಟೇ ಅಲ್ಲಿಂದ ಪಿಎಚ್.ಡಿ. ಮುಗಿಸಿ ಹೋದ ವಿದ್ಯಾರ್ಥಿ. ಪ್ರತಿ ಬಂದ ಮೇಲೆ, ಲ್ಯಾಬಿನಲ್ಲಿ ಒಟ್ಟು ಎಷ್ಟು ವರ್ಷ ಹಿಡಿಯಿತು ಎಂಬ ಇನ್ನೊಂದು ಸಣ್ಣ ಪ್ರಶ್ನೆಯನ್ನೂ ಅವರಿಗೇ ಕೇಳಬಹುದು.